ಇನ್ನೊಂದು ಸಲ ಎಣಿಸಿ ಅನ್ನುವುದು ಜಗಳವಲ್ಲ

(ಸಾಕ್ಷರತಾ ಕೇಂದ್ರದಲ್ಲಿ ಪಂಚಾಯ್ತಿ ಚುನಾವಣೆಯ ಬಗ್ಗೆ ಆಡಿದ ಮಾತು)





ನೀವು ದಿನಾ ಡೇರಿಗೆ ಹಾಲು ಹಾಕುತ್ತೀರಿ. ಅಳೆದವರು ನಿಮ್ಮ ಪುಸ್ತಕದಲ್ಲಿ ಬರೆದು ಕೊಡುತ್ತಾರೆ. ಐದು ಲೀಟರ್ ಹಾಕಿದ್ದೀರಿ. ಪುಸ್ತಕದಲ್ಲಿ ನಾಲ್ಕು ಅಂತ ಇದೆ. ಸುಮ್ಮನೆ ಮನೆಗೆ ಬರುತ್ತೀರಾ? ಇಲ್ಲ. “ಇನ್ನೊಂದು ಸಲ ನೋಡಿ ಸ್ವಾಮಿ” ಅಂತೀರಿ. ಸಂಘದ ಹಣ ಎಣಿಸುವಾಗಲೂ ಹೀಗೇ. ಒಬ್ಬರು ಎಣಿಸಿ ಇಟ್ಟದ್ದನ್ನು ಇನ್ನೊಬ್ಬರು ಎಣಿಸುತ್ತಾರೆ. ಅದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ನಂಬಿಕೆ ಬೇರೆ, ಲೆಕ್ಕ ಬೇರೆ.

ಆದರೆ ಓಟಿನ ಲೆಕ್ಕ ಬಂದಾಗ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ನಾಲ್ಕು ಮತದಲ್ಲಿ ಸೋತ ಅಕ್ಕನಿಗೆ ಪಕ್ಕದವರೇ ಹೇಳುತ್ತಾರೆ: “ಬಿಡಮ್ಮ, ಸೋತಾಯ್ತು. ದೊಡ್ಡೋರ ಹತ್ರ ಯಾಕೆ ಮಾತು? ನಡಿ ಊರಿಗೆ.” ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಸ್ಸು ಹತ್ತುತ್ತಾಳೆ. ಎಣಿಕೆ ಸರಿ ಇತ್ತೋ, ತಪ್ಪಿತ್ತೋ, ಅದು ಅವಳಿಗೂ ಗೊತ್ತಾಗುವುದಿಲ್ಲ, ಓಟು ಹಾಕಿದವರಿಗೂ ಗೊತ್ತಾಗುವುದಿಲ್ಲ.

ಮತ್ತೆ ಎಣಿಸಿ ಎಂದು ಕೇಳುವುದಕ್ಕೆ ಮರುಎಣಿಕೆ ಎಂದು ಹೆಸರು. ಅದನ್ನು ಕೇಳುವುದಕ್ಕೆ ಕಾನೂನಿನಲ್ಲಿ ದಾರಿ ಇದೆ. ಆ ದಾರಿ ಯಾವುದು, ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದೇ ಇವತ್ತಿನ ಮಾತು.

ಒಂದು ಮತದ ಬೆಲೆ

“ಒಂದೆರಡು ಮತದಿಂದ ಏನಾಗುತ್ತೆ?” ಅಂತ ಕೇಳುವವರಿದ್ದಾರೆ. ನಮ್ಮ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಏನಾಯಿತು ನೋಡಿ. 2004ರ ವಿಧಾನಸಭೆ ಚುನಾವಣೆ. ಧ್ರುವನಾರಾಯಣ ಅವರಿಗೆ 40,752 ಮತ ಬಂತು. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂತು. ಗೆಲುವಿನ ಅಂತರ ಒಂದೇ ಒಂದು ಮತ!

ಅದು ವಿಧಾನಸಭೆ. ಎಂಬತ್ತು ಸಾವಿರಕ್ಕಿಂತ ಹೆಚ್ಚು ಮತದ ನಡುವೆ ಒಂದು ಮತ. ನಮ್ಮ ಪಂಚಾಯ್ತಿಯ ಕ್ಷೇತ್ರದಲ್ಲಿ ಇರುವುದೇ ಕೆಲವು ನೂರು ಮತ. ಇಲ್ಲಿ ಒಂದು, ಎರಡು, ಐದು ಮತದಲ್ಲಿ ಸೋಲು ಗೆಲುವು ಆಗುವುದು ಸಾಮಾನ್ಯ. ಇಬ್ಬರಿಗೂ ಸಮ ಬಂದರೆ ಚೀಟಿ ಎತ್ತುತ್ತಾರೆ. ಹೀಗಿರುವಾಗ ಎಣಿಕೆಯಲ್ಲಿ ಒಂದು ಕಟ್ಟು ಆಚೀಚೆಯಾದರೆ ಐದು ವರ್ಷದ ಅಧಿಕಾರವೇ ಆಚೀಚೆಯಾಗುತ್ತದೆ. ನಲ್ಲಿ ನೀರು, ಬೀದಿ ದೀಪ, ಮನೆ ಪಟ್ಟಿ, ಉದ್ಯೋಗ ಖಾತ್ರಿ ಕೂಲಿ, ಇವಕ್ಕೆಲ್ಲ ದನಿ ಎತ್ತುವವರು ಯಾರು ಎಂಬುದು ಆ ಕಟ್ಟಿನಲ್ಲಿದೆ.

ತಪ್ಪು ಹೇಗೆ ಆಗುತ್ತದೆ?

ತಪ್ಪು ಅಂದ ತಕ್ಷಣ ಮೋಸ ಅಂತ ತಿಳಿಯಬೇಡಿ. ಎಣಿಸುವವರೂ ಮನುಷ್ಯರೇ. ಬೆಳಿಗ್ಗೆ ಶುರುವಾದ ಎಣಿಕೆ ರಾತ್ರಿವರೆಗೂ ನಡೆಯುತ್ತದೆ. ಕಣ್ಣು ಸೋಲುತ್ತದೆ, ಕೈ ಸೋಲುತ್ತದೆ.

2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ನಡೆಯಿತು. ಬೀದರ್ ಜಿಲ್ಲೆಯಲ್ಲಿ ಮತಯಂತ್ರ ಇಟ್ಟಿದ್ದರು. ಉಳಿದ ಕಡೆ ಮತಪತ್ರ, ಅಂದರೆ ಕಾಗದದ ಚೀಟಿ. ಡಿಸೆಂಬರ್ 30ರಂದು ಎಣಿಕೆಯಾಯಿತು. ಎಲ್ಲ ಚೀಟಿಗಳನ್ನೂ ಕೈಯಿಂದಲೇ ಬಿಡಿಸಿ, ಕಣ್ಣಿಂದಲೇ ನೋಡಿ ಎಣಿಸಬೇಕು.

ಇನ್ನೊಂದು ತೊಡಕಿದೆ. ನಮ್ಮ ಪಂಚಾಯ್ತಿಯಲ್ಲಿ ಒಂದೇ ಕ್ಷೇತ್ರಕ್ಕೆ ಎರಡು, ಮೂರು, ನಾಲ್ಕು ಸ್ಥಾನ ಇರುತ್ತವೆ. ಮೂರು ಸ್ಥಾನ ಇದ್ದರೆ ಒಬ್ಬರಿಗೆ ಮೂರು ಮತ. ಒಂದೇ ಚೀಟಿಯ ಮೇಲೆ ಮೂವರಿಗೆ ಗುರುತು ಒತ್ತಬಹುದು. ಆ ಒಂದು ಚೀಟಿ ಮೂವರ ಲೆಕ್ಕಕ್ಕೂ ಹೋಗಬೇಕು. ಒಬ್ಬರ ಲೆಕ್ಕದಲ್ಲಿ ಬರೆಯಲು ಮರೆತರೆ? ಒಬ್ಬರ ಗುರುತಿನ ಮತವನ್ನು ಇನ್ನೊಬ್ಬರ ಸಾಲಿಗೆ ಬರೆದರೆ? ಕೂಡುವಾಗ ಹತ್ತು ತಪ್ಪಿದರೆ? ಸುಸ್ತಾದಾಗ ಇಂಥ ತಪ್ಪು ನುಸುಳುವುದು ಸುಲಭ.

ಲೆಕ್ಕ ತಿಳಿಯಲು ಒಂದು ಉದಾಹರಣೆ ಮಾಡಿಕೊಳ್ಳೋಣ. ಮೂರು ಸ್ಥಾನದ ಒಂದು ಕ್ಷೇತ್ರ. ಮತಗಟ್ಟೆಯಲ್ಲಿ ಕೊಟ್ಟ ಮತಪತ್ರ 600. ಹಾಗಾದರೆ ಪೆಟ್ಟಿಗೆಯಲ್ಲಿ ಎಷ್ಟು ಇರಬೇಕು? 600. ಲೆಕ್ಕಕ್ಕೆ ಬಂದ ಚೀಟಿ 581, ತಳ್ಳಿಹಾಕಿದ ಚೀಟಿ 19 ಅನ್ನಿ. ಕೂಡಿ ನೋಡಿ. 600 ಆಯಿತು. ತಾಳೆ ಆಯಿತು. ಎಲ್ಲರಿಗೂ ಬಿದ್ದ ಮತ ಕೂಡಿದರೆ 581 ಬರುವುದಿಲ್ಲ, ಅದಕ್ಕಿಂತ ಹೆಚ್ಚು ಬರುತ್ತದೆ. ಯಾಕೆ? ಒಬ್ಬರಿಗೆ ಮೂರು ಮತ ಇದೆಯಲ್ಲ! ಆದರೆ 581ರ ಮೂರರಷ್ಟು, ಅಂದರೆ 1,743 ಅನ್ನು ದಾಟಬಾರದು. ದಾಟಿದರೆ ಎಲ್ಲೋ ತಪ್ಪಿದೆ.

ಈ ಕೂಡುವ ಲೆಕ್ಕ, ಗುಣಿಸುವ ಲೆಕ್ಕ ನೀವು ಇಲ್ಲೇ ಕಲಿತದ್ದು. ಎಣಿಕೆ ಮೇಜಿನ ಮುಂದೆ ಕೂರಲು ಇದಕ್ಕಿಂತ ದೊಡ್ಡ ವಿದ್ಯೆ ಬೇಕಿಲ್ಲ.

ಲೆಕ್ಕಕ್ಕೆ ಬಾರದ ಮತ

ತಳ್ಳಿಹಾಕಿದ ಚೀಟಿಗೆ ಅಸಿಂಧು ಮತ ಅಂತಾರೆ. ಕುಲಗೆಟ್ಟ ಮತ ಅಂತಲೂ ಅನ್ನುವುದುಂಟು. ಹೆಚ್ಚು ಜಗಳ ಬರುವುದು ಇಲ್ಲೇ.

ಮೂರು ಸ್ಥಾನಕ್ಕೆ ನಾಲ್ಕು ಗುರುತು ಒತ್ತಿದರೆ ಚೀಟಿ ಅಸಿಂಧು. ಯಾರಿಗೆ ಒತ್ತಿದ್ದು ಎಂದು ತಿಳಿಯದಿದ್ದರೆ ಅಸಿಂಧು. ಚೀಟಿಯ ಮೇಲೆ ಹೆಸರು ಬರೆದರೆ, ಓಟು ಹಾಕಿದವರ ಗುರುತು ಸಿಗುವ ಹಾಗೆ ಏನಾದರೂ ಮಾಡಿದರೆ ಅಸಿಂಧು. ಅಕ್ಷರ ಕಲಿತ ಖುಷಿಯಲ್ಲಿ ಮತಪತ್ರದ ಮೇಲೆ ಮಾತ್ರ ಸಹಿ ಹಾಕಬೇಡಿ, ತಾಯಂದಿರೇ! ಓಟು ಗುಟ್ಟಾಗಿರಬೇಕು. ಅದು ಕಾನೂನು.

ಆದರೆ ಎಲ್ಲವನ್ನೂ ತಳ್ಳಿಹಾಕುವ ಹಾಗೂ ಇಲ್ಲ. ಚೀಟಿ ಮಡಚಿದಾಗ ಶಾಯಿ ಇನ್ನೊಂದು ಕಡೆ ಅಂಟಿರುತ್ತದೆ. ಒತ್ತಿದ ಗುರುತು ಯಾವುದು, ಅಂಟಿದ ಕಲೆ ಯಾವುದು ಎಂದು ತಿಳಿಯುವಂತಿದ್ದರೆ ಆ ಮತ ಲೆಕ್ಕಕ್ಕೆ ಬರಬೇಕು. ಗುರುತು ಸ್ವಲ್ಪ ಮಸುಕಾಗಿದೆ, ಒಂದೇ ಹೆಸರಿಗೆ ಎರಡು ಸಲ ಒತ್ತಿದ್ದಾರೆ ಎಂದೂ ತಳ್ಳಬಾರದು. ಯಾರಿಗೆ ಓಟು ಎಂಬುದು ಸ್ಪಷ್ಟವಾಗಿದ್ದರೆ ಸಾಕು.

ತಳ್ಳಿಹಾಕುವ ಚೀಟಿಯನ್ನು ನೋಡಲು ಅಭ್ಯರ್ಥಿಯ ಏಜೆಂಟರಿಗೆ ಅವಕಾಶ ಕೊಡಬೇಕು. ಕಣ್ಣಿಂದ ನೋಡಬಹುದು. ಕೈಯಿಂದ ಮುಟ್ಟುವಂತಿಲ್ಲ.

ಚೀಟಿ ತಳ್ಳಿಹಾಕುವ ಕೈ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚಂಡೀಗಢದ ಕತೆ ಕೇಳಿ. ಅದು ಪಂಜಾಬ್, ಹರಿಯಾಣ ಎರಡಕ್ಕೂ ರಾಜಧಾನಿ. 2024ರ ಜನವರಿ 30ರಂದು ಅಲ್ಲಿನ ನಗರಪಾಲಿಕೆಯಲ್ಲಿ ಮೇಯರ್ ಚುನಾವಣೆ ನಡೆಯಿತು. ಒಟ್ಟು ಮತ ಕೇವಲ 36. ಚುನಾವಣೆ ನಡೆಸಿದ ಅಧಿಕಾರಿ ಅದರಲ್ಲಿ 8 ಚೀಟಿ ಅಸಿಂಧು ಎಂದರು. ಒಬ್ಬರಿಗೆ 16, ಇನ್ನೊಬ್ಬರಿಗೆ 12 ಎಂದು ಸಾರಿದರು. 16 ಬಂದವರು ಮೇಯರ್ ಆದರು.

ಆದರೆ ಅಲ್ಲಿ ಕ್ಯಾಮೆರಾ ಇತ್ತು. ಅಧಿಕಾರಿಯೇ ಚೀಟಿಗಳ ಮೇಲೆ ಗೀಚಿದ್ದು ಅದರಲ್ಲಿ ಕಂಡಿತು. ಸೋತವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ ಆ ಚೀಟಿಗಳನ್ನೇ ತರಿಸಿ ನೋಡಿತು. ಎಂಟೂ ಸರಿಯಾದ ಮತಗಳು ಎಂದು ಹೇಳಿತು. ಎಂಟೂ ಸೋತವರಿಗೇ ಬಿದ್ದಿದ್ದವು. 12ಕ್ಕೆ 8 ಕೂಡಿಸಿ. 20 ಆಯಿತು. ಫೆಬ್ರವರಿ 20ರಂದು ಸೋತವರನ್ನೇ ಮೇಯರ್ ಎಂದು ಕೋರ್ಟು ಸಾರಿತು. 36 ಮತದ ಚಿಕ್ಕ ಲೆಕ್ಕ! ಒಂದನೇ ತರಗತಿಯ ಮಗುವೂ ಮಾಡುವ ಲೆಕ್ಕ. ಆದರೆ ಕೇಳುವವರು ಇದ್ದದ್ದರಿಂದ ಅದು ಸರಿಹೋಯಿತು.

ಮೊದಲ ಬಾಗಿಲು: ಎಣಿಕೆ ಮೇಜು

ಮರುಎಣಿಕೆ ಕೇಳಲು ಎರಡು ಬಾಗಿಲು ಇವೆ. ಮೊದಲನೆಯದು ಎಣಿಕೆ ನಡೆದ ಜಾಗದಲ್ಲೇ ಇದೆ.

ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಯಾರಿಗೆ ಎಷ್ಟು ಮತ ಬಂತು ಎಂದು ಓದಿ ಹೇಳುತ್ತಾರೆ. ಆಗ ಅಭ್ಯರ್ಥಿ ಮರುಎಣಿಕೆ ಕೇಳಬಹುದು. ಅಭ್ಯರ್ಥಿ ಅಲ್ಲಿ ಇಲ್ಲದಿದ್ದರೆ ಅವರ ಏಜೆಂಟರು ಕೇಳಬಹುದು. ಎಲ್ಲವನ್ನೂ ಎಣಿಸಿ ಎಂದಾದರೂ ಕೇಳಬಹುದು. ಒಂದು ಭಾಗ ಮಾತ್ರ ಎಣಿಸಿ ಎಂದಾದರೂ ಕೇಳಬಹುದು.

ಮೂರು ಮಾತು ನೆನಪಿಡಿ.

ಒಂದು, ಬರೆದು ಕೊಡಬೇಕು. ಬಾಯಲ್ಲಿ ಕೂಗಿದರೆ ಆಗುವುದಿಲ್ಲ. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ.

ಎರಡು, ಕಾರಣ ಹೇಳಬೇಕು. “ನಾನು ಸೋಲೋದು ಸಾಧ್ಯವೇ ಇಲ್ಲ” ಎಂಬುದು ಕಾರಣವಲ್ಲ. “ಎರಡನೇ ಮೇಜಿನಲ್ಲಿ ಒಂದು ಕಟ್ಟು ಎಣಿಸದೆ ಪಕ್ಕಕ್ಕಿಟ್ಟರು” ಎಂಬುದು ಕಾರಣ. “ತಳ್ಳಿಹಾಕಿದ 19 ಚೀಟಿಗಳನ್ನು ನಮಗೆ ತೋರಿಸಲಿಲ್ಲ, ಅಂತರ 4 ಮತ ಮಾತ್ರ” ಎಂಬುದು ಕಾರಣ.

ಮೂರು, ತಡಮಾಡಬಾರದು. ಫಲಿತಾಂಶದ ಪಟ್ಟಿ ತುಂಬಿ ಚುನಾವಣಾಧಿಕಾರಿ ಸಹಿ ಹಾಕಿದರೆ ಈ ಬಾಗಿಲು ಮುಚ್ಚಿತು. ಓದಿ ಹೇಳುವುದಕ್ಕೂ ಸಹಿ ಹಾಕುವುದಕ್ಕೂ ನಡುವೆ ಇರುವುದು ಕೆಲವೇ ನಿಮಿಷ. ಹೊರಗೆ ಹೋಗಿ ಚಹಾ ಕುಡಿದು, ಹತ್ತು ಜನರನ್ನು ಕೇಳಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತದೆ.

ಅದಕ್ಕೇ ಹೇಳುವುದು, ಒಳಗೆ ಹೋಗುವಾಗಲೇ ಕಾಗದ, ಪೆನ್ನು ಇರಲಿ. ಅರ್ಜಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಖಾಲಿ ಜಾಗ ತುಂಬಿದರೆ ಸಾಕು. ಅದು ಹೀಗಿರಬಹುದು:

“ಚುನಾವಣಾಧಿಕಾರಿಯವರಿಗೆ,
............ ಗ್ರಾಮ ಪಂಚಾಯ್ತಿ.

ವಿಷಯ: ಮತಗಳ ಮರುಎಣಿಕೆ ಕೋರಿ.

ಮಾನ್ಯರೇ,
ನಾನು ............ ಕ್ಷೇತ್ರದ ಅಭ್ಯರ್ಥಿ. ಈಗ ಓದಿದ ಲೆಕ್ಕದಂತೆ ನನಗೆ ...... ಮತ, ............ ಅವರಿಗೆ ...... ಮತ ಬಂದಿದೆ. ಅಂತರ ...... ಮತ. ಈ ಎಣಿಕೆಯ ಬಗ್ಗೆ ನನಗೆ ಸಂಶಯವಿದೆ. ಕಾರಣಗಳು:
1. ........................
2. ........................
ಆದ್ದರಿಂದ ಮತಗಳನ್ನು ಮತ್ತೆ ಎಣಿಸಬೇಕೆಂದು ಕೋರುತ್ತೇನೆ. ತಮ್ಮ ತೀರ್ಮಾನವನ್ನು ಕಾರಣ ಸಹಿತ ಬರೆದು ತಿಳಿಸಬೇಕಾಗಿ ವಿನಂತಿ.

ದಿನಾಂಕ: ......... ವೇಳೆ: .........
ಸಹಿ: ............”

ಇಂಥವು ಎರಡು ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ‘ತಲುಪಿದೆ’ ಎಂದು ಸಹಿ ಹಾಕಿಸಿಕೊಳ್ಳಿ. ಮುಂದೆ ಬೇಕಾಗುತ್ತದೆ.

ಅರ್ಜಿ ಕೊಟ್ಟ ಮಾತ್ರಕ್ಕೆ ಎಣಿಸಲೇಬೇಕು ಎಂದಿಲ್ಲ. ಒಪ್ಪುವುದು, ಒಂದು ಭಾಗ ಮಾತ್ರ ಒಪ್ಪುವುದು, ತಳ್ಳಿಹಾಕುವುದು, ಇದು ಅಧಿಕಾರಿಯ ತೀರ್ಮಾನ. ಅರ್ಜಿಯಲ್ಲಿ ಹುರುಳಿಲ್ಲ ಎಂದು ಕಂಡರೆ ತಳ್ಳಿಹಾಕಬಹುದು. ಆದರೆ ಏನೇ ಮಾಡಿದರೂ ಕಾರಣ ಬರೆಯಬೇಕು. ಅದು ಅವರ ಕರ್ತವ್ಯ. ಕೇಳುವುದು ನಿಮ್ಮ ಹಕ್ಕು.

ಎರಡನೇ ಬಾಗಿಲು: ಕೋರ್ಟು

ಫಲಿತಾಂಶ ಸಾರಿದ ಮೇಲೆ ತಹಸೀಲ್ದಾರರ ಹತ್ತಿರ ಓಡಿದರೆ ಪ್ರಯೋಜನವಿಲ್ಲ. ಶಾಸಕರು, ಮಂತ್ರಿಗಳು ಹೇಳಿದರೂ ಮತಪೆಟ್ಟಿಗೆ ತೆರೆಯುವಂತಿಲ್ಲ. ಎಣಿಸಿದ ಚೀಟಿಗಳನ್ನು ಕಟ್ಟಿ, ಅರಗು ಹಾಕಿ ಮೊಹರು ಮಾಡಿರುತ್ತಾರೆ. ಅದನ್ನು ಬಿಚ್ಚಿಸುವ ಅಧಿಕಾರ ಕೋರ್ಟಿಗೆ ಮಾತ್ರ.

ಸಂವಿಧಾನದ 243-ಓ ವಿಧಿ ಇದನ್ನೇ ಹೇಳುತ್ತದೆ. ಪಂಚಾಯ್ತಿ ಚುನಾವಣೆಯನ್ನು ಪ್ರಶ್ನಿಸಬೇಕಾದರೆ ಚುನಾವಣಾ ತಕರಾರು ಅರ್ಜಿಯ ಮೂಲಕವೇ ಪ್ರಶ್ನಿಸಬೇಕು. ನಮ್ಮ ರಾಜ್ಯದಲ್ಲಿ ಅದಕ್ಕೆ 1993ರ ಪಂಚಾಯತ್ ರಾಜ್ ಕಾನೂನು ಇದೆ. ಅದರ 15ನೇ ಕಲಮು ಗ್ರಾಮ ಪಂಚಾಯ್ತಿಯ ತಕರಾರು ಅರ್ಜಿಗೆ ಸೇರಿದ್ದು.

ಫಲಿತಾಂಶ ಸಾರಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಹಾಕುವುದು ನಿಮ್ಮ ಭಾಗದ ಸಿವಿಲ್ ಕೋರ್ಟಿನಲ್ಲಿ. ಹಿರಿಯರು ಮುನ್ಸೀಫ್ ಕೋರ್ಟು ಅನ್ನುತ್ತಿದ್ದರಲ್ಲ, ಅದೇ. ಅರ್ಜಿಯ ಜೊತೆ ಠೇವಣಿ ಕಟ್ಟಬೇಕು. ವಕೀಲರನ್ನು ಕಂಡು ಬರೆಸುವುದು ಒಳ್ಳೆಯದು.

ಇಲ್ಲೊಂದು ಸಂಗತಿ ಗಮನಿಸಿ. ಎಣಿಕೆ ಮೇಜಿನಲ್ಲಿ ಕೇಳುವ ಹಕ್ಕು ಅಭ್ಯರ್ಥಿಗೆ, ಏಜೆಂಟರಿಗೆ ಮಾತ್ರ. ಕೋರ್ಟಿನಲ್ಲಿ ಕೇಳುವ ಹಕ್ಕು ಆ ಕ್ಷೇತ್ರದ ಮತದಾರರಿಗೂ ಇದೆ. ಓಟು ಹಾಕಿದ ಕೂಲಿ ಅಕ್ಕನೂ ಕೇಳಬಹುದು, ದನ ಕಾಯುವ ಅಣ್ಣನೂ ಕೇಳಬಹುದು.

30 ದಿನ ಅಂದರೆ 30 ದಿನ. “ಮೂವತ್ತೊಂದನೇ ದಿನ ಬಂದೆ, ಬಸ್ಸು ಕೆಟ್ಟಿತ್ತು” ಎಂದರೆ ಕಷ್ಟ. ಫಲಿತಾಂಶದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕೋರ್ಟು ಕೂಡ ಕೇಳಿದ ತಕ್ಷಣ ಚೀಟಿ ಬಿಚ್ಚಿಸುವುದಿಲ್ಲ. ಓಟಿನ ಗುಟ್ಟು ಕಾಪಾಡಬೇಕು. ಸುಮ್ಮನೆ ಸಂಶಯ ಇದೆ ಎಂದರೆ ಸಾಲದು, ಏನು ತಪ್ಪಾಯಿತು ಎಂದು ಬಿಡಿಬಿಡಿಯಾಗಿ ಹೇಳಬೇಕು ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಕೋರ್ಟು ಕೇಳುತ್ತದೆ: ಯಾವ ಮೇಜು? ಯಾವ ಕಟ್ಟು? ಎಷ್ಟು ಚೀಟಿ? ಆಗಲೇ ಯಾಕೆ ಹೇಳಲಿಲ್ಲ? ಅವತ್ತು ಬರೆದು ಕೊಟ್ಟ ಅರ್ಜಿ, ನೋಟು ಪುಸ್ತಕದಲ್ಲಿ ಬರೆದುಕೊಂಡ ಲೆಕ್ಕ ಆಗ ಕೈ ಹಿಡಿಯುತ್ತದೆ.

ಬುವಾನಾ ಲಾಖೂ ಎಂಬ ಊರು

ಹರಿಯಾಣ ರಾಜ್ಯದ ಪಾಣಿಪತ್ ಜಿಲ್ಲೆಯಲ್ಲಿ ಬುವಾನಾ ಲಾಖೂ ಎಂಬ ಹಳ್ಳಿ ಇದೆ. 2022ರ ನವೆಂಬರ್ 2ರಂದು ಅಲ್ಲಿ ಸರಪಂಚ್ ಚುನಾವಣೆ ನಡೆಯಿತು. ಸರಪಂಚ್ ಅಂದರೆ ನಮ್ಮ ಪಂಚಾಯ್ತಿ ಅಧ್ಯಕ್ಷರ ಹಾಗೆ. ಅಲ್ಲಿ ಜನರೇ ನೇರವಾಗಿ ಆರಿಸುತ್ತಾರೆ. ಓಟು ಹಾಕಿದ್ದು ಯಂತ್ರದಲ್ಲಿ.

ಮೋಹಿತ್ ಕುಮಾರ್ ಎಂಬುವರು ಸೋತರು, ಇನ್ನೊಬ್ಬರು ಗೆದ್ದರು ಎಂದಾಯಿತು. 69ನೇ ಮತಗಟ್ಟೆಯ ಲೆಕ್ಕ ತಪ್ಪಿದೆ, ಒಬ್ಬರ ಮತ ಇನ್ನೊಬ್ಬರ ಹೆಸರಿಗೆ ಹೋಗಿದೆ ಎಂಬುದು ಮೋಹಿತ್ ಅವರ ತಕರಾರು. ನೋಡಿ, ಯಂತ್ರ ಎಣಿಸಿದರೂ ಅಂಕಿಯನ್ನು ಕಾಗದಕ್ಕೆ ಬರೆಯುವುದು ಮನುಷ್ಯನೇ.

ಅವರು ತಕರಾರು ಅರ್ಜಿ ಹಾಕಿದರು. 2025ರ ಏಪ್ರಿಲ್ 22ರಂದು ಪಾಣಿಪತ್ತಿನ ಕೋರ್ಟು ಆ ಮತಗಟ್ಟೆಯ ಮತ ಮತ್ತೆ ಎಣಿಸಿ ಎಂದಿತು. ಜುಲೈ 1ರಂದು ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಮೋಹಿತ್ ದಿಲ್ಲಿಗೆ, ಸುಪ್ರೀಂ ಕೋರ್ಟಿಗೆ ಹೋದರು. ಮತಯಂತ್ರಗಳನ್ನು ಇಲ್ಲಿಗೇ ತನ್ನಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಗಸ್ಟ್ 6ರಂದು ಎರಡೂ ಕಡೆಯವರ ಮುಂದೆ, ವೀಡಿಯೋ ಹಿಡಿಸಿ, ಕೋರ್ಟಿನ ಅಧಿಕಾರಿಯೇ ಎಣಿಸಿದರು. ಒಂದು ಮತಗಟ್ಟೆ ಮಾತ್ರವಲ್ಲ, 65ರಿಂದ 70ರವರೆಗೆ ಎಲ್ಲ ಆರು ಮತಗಟ್ಟೆ.

ಒಟ್ಟು ಮತ 3,767. ಮೋಹಿತ್ ಅವರಿಗೆ 1,051. ಗೆದ್ದರೆಂದು ಸಾರಿದವರಿಗೆ 1,000. ಸೋತವರು 51 ಮತದಿಂದ ಗೆದ್ದಿದ್ದರು! ಆಗಸ್ಟ್ 11ರಂದು ಮೋಹಿತ್ ಅವರೇ ಸರಪಂಚ್ ಎಂದು ಕೋರ್ಟು ಹೇಳಿತು.

ಒಂದು ಹಳ್ಳಿಯ ಓಟನ್ನು ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಎಣಿಸಿದರು. ಹಳ್ಳಿಯ ಓಟು ಸಣ್ಣದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದರೆ ಇನ್ನೊಂದು ಲೆಕ್ಕವನ್ನೂ ಮಾಡಿ. ಚುನಾವಣೆಯಿಂದ ತೀರ್ಪಿನವರೆಗೆ ಎಷ್ಟು ಕಾಲ ಹಿಡಿಯಿತು? 2 ವರ್ಷ 9 ತಿಂಗಳು. ಅಧಿಕಾರದ ಅವಧಿ ಐದು ವರ್ಷ. ಅರ್ಧಕ್ಕಿಂತ ಹೆಚ್ಚು ಕಾಲ ಜನ ಆರಿಸದವರೇ ಆಡಳಿತ ಮಾಡಿದರು. ಎಷ್ಟು ಅಲೆದಾಟ, ಎಷ್ಟು ಖರ್ಚು! ಕೋರ್ಟಿನ ಬಾಗಿಲು ಇದೆ, ನಿಜ. ಆದರೆ ಅದು ದೂರ. ಮೇಜಿನ ಬಾಗಿಲು ಹತ್ತಿರ. ಹತ್ತಿರದ ಬಾಗಿಲನ್ನು ಮೊದಲು ತಟ್ಟಿ.

ಯಾರು ಹೋಗಿ ಕೂರಬೇಕು?

ನಮ್ಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆದರೆ ಎಣಿಕೆಗೆ ಹೋಗುವವರು ಯಾರು? ಅಭ್ಯರ್ಥಿ ಹೆಂಡತಿ, ಎಣಿಕೆಗೆ ಹೋಗುವವನು ಗಂಡ. “ನೀನು ಮನೇಲಿರು, ನಾವು ನೋಡ್ಕೋತೀವಿ” ಅಂತಾರೆ. ಹಾಗೆ ಮಾಡಬೇಡಿ. ಓಟು ಬಿದ್ದಿರುವುದು ನಿಮ್ಮ ಹೆಸರಿಗೆ. ಅರ್ಜಿಗೆ ಸಹಿ ಹಾಕಬೇಕಾದವರೂ ನೀವೇ. ನೀವೇ ಹೋಗಿ. ಜೊತೆಗೆ ಏಜೆಂಟರಾಗಿ ಅಂಕಿ ಬಲ್ಲ, ಸಮಾಧಾನ ಇರುವ ಒಬ್ಬರನ್ನು ಕರೆದೊಯ್ಯಿರಿ. ಜೋರು ಬಾಯಿ ಬೇಕಿಲ್ಲ. ಚುರುಕು ಕಣ್ಣು ಬೇಕು.

ಕುಳಿತವರು ಇಷ್ಟು ಬರೆದುಕೊಳ್ಳಲಿ: ಮತಗಟ್ಟೆಯಲ್ಲಿ ಕೊಟ್ಟ ಚೀಟಿ ಎಷ್ಟು? ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಎಷ್ಟು? ತಳ್ಳಿಹಾಕಿದ್ದು ಎಷ್ಟು, ಯಾಕೆ? ಯಾರಿಗೆ ಎಷ್ಟು ಮತ? ತಪ್ಪು ಕಂಡರೆ ಯಾವ ಮೇಜು, ಎಷ್ಟು ಹೊತ್ತಿಗೆ? ಒಂದು ಪುಟ ಸಾಕು.

ಕಡೆಯದಾಗಿ ಒಂದು ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋತವರೆಲ್ಲ ಎಣಿಕೆ ತಪ್ಪು ಅನ್ನಬಾರದು. ಆಧಾರವಿಲ್ಲದೆ ಅಧಿಕಾರಿಗಳನ್ನು ಬೈಯಬಾರದು. ಮೇಜು ಗುದ್ದಬಾರದು, ಕಾಗದ ಕಿತ್ತುಕೊಳ್ಳಬಾರದು. ಮತ್ತೆ ಎಣಿಸಿದಾಗಲೂ ಅದೇ ಲೆಕ್ಕ ಬಂದರೆ ಗೆದ್ದವರ ಕೈ ಕುಲುಕಿ ಬನ್ನಿ. ನಾಳೆ ಬೆಳಗಾದರೆ ಒಂದೇ ಬಾವಿಯ ನೀರು, ಒಂದೇ ಊರಿನ ದಾರಿ. ಮರುಎಣಿಕೆಯಿಂದ ಗೆದ್ದವರಿಗೂ ಒಳ್ಳೆಯದೇ. “ಅವನು ಮೋಸದಿಂದ ಗೆದ್ದ” ಎಂಬ ಮಾತು ಐದು ವರ್ಷ ಬೆನ್ನು ಹತ್ತುವುದಿಲ್ಲ. ಸೋತವರಿಗೂ ಮನಸ್ಸು ಹಗುರ.

ಓಟು ಹಾಕುವುದು ಅರ್ಧ ಕೆಲಸ. ಹಾಕಿದ ಓಟು ಸರಿಯಾಗಿ ಎಣಿಕೆಯಾಯಿತೇ ಎಂದು ನೋಡುವುದು ಉಳಿದ ಅರ್ಧ. ಮೊದಲರ್ಧಕ್ಕೆ ಬೆರಳಿನ ಮೇಲೆ ಶಾಯಿ ಸಾಕು. ಉಳಿದರ್ಧಕ್ಕೆ ಅಕ್ಷರ ಬೇಕು, ಅಂಕಿ ಬೇಕು, ಸ್ವಲ್ಪ ಧೈರ್ಯ ಬೇಕು. ಅಕ್ಷರ, ಅಂಕಿ ಕಲಿತಿದ್ದೀರಿ. ಧೈರ್ಯ ನಿಮ್ಮಲ್ಲಿ ಮೊದಲೇ ಇದೆ.

ಓದಿ, ಮಾತಾಡಿ

1. ನಿಮ್ಮ ಕ್ಷೇತ್ರದಲ್ಲಿ ಎಷ್ಟು ಸ್ಥಾನ ಇವೆ? ಒಬ್ಬರು ಎಷ್ಟು ಮತ ಹಾಕಬಹುದು?
2. ಕೊಟ್ಟ ಮತಪತ್ರ 450. ತಳ್ಳಿಹಾಕಿದ್ದು 12. ಲೆಕ್ಕಕ್ಕೆ ಬರಬೇಕಾದ ಮತಪತ್ರ ಎಷ್ಟು?
3. ಮರುಎಣಿಕೆಯ ಅರ್ಜಿಯನ್ನು ಯಾವಾಗ ಕೊಡಬೇಕು? ಯಾರು ಕೊಡಬಹುದು?
4. ಜನವರಿ 5ರಂದು ಫಲಿತಾಂಶ ಬಂದರೆ ಕೋರ್ಟಿಗೆ ಹೋಗಲು ಇರುವ 30 ದಿನಗಳನ್ನು ಕ್ಯಾಲೆಂಡರ್ ನೋಡಿ ಎಣಿಸಿ.
5. ಅರ್ಜಿಯ ಮಾದರಿಯನ್ನು ನಿಮ್ಮ ಕೈಯಾರೆ ಒಂದು ಸಲ ಬರೆಯಿರಿ.